ಉರಿಯೂತ

ಉರಿ, ಊತ ಕೂಡಿದರೆ ಉರಿಯೂತ. ಇನ್‌ಫ್ಲಮೇಷನ್ ಎಂಬುದಕ್ಕೆ ಕನ್ನಡ ವೈದ್ಯಬರಹ ಬಳಸುವ ಪದವಿದು. ಆ ಇಂಗ್ಲಿಷ್ ಪದದ ಲ್ಯಾಟಿನ್ ಮೂಲದಲ್ಲೂ ಬೆಂಕಿಯಿದೆ. ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಗುರುತುಗಳನ್ನು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಬರೆದಿಟ್ಟಿದ್ದ.

ಚೊಳಚಗುಡ್ಡ, ಬಾದಾಮಿ ಕಡೆಯ ಆಡುಮಾತಿನಲ್ಲಿ ಊತವೆಂದರೆ ಬಾವು: 'ಕಾಲಿಗೆ ಬಾವು ಬಂದೈತ್ರಿ.'

ಉರಿಯೂತದ ಮಾತು ಬರುವ ಒಂದು ರೋಗ ಲೂಪಸ್. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ರಕ್ತನಾಳಗಳ ಗೊಂಚಲಲ್ಲಿ ತಂಗಿ ಉರಿಯೂತ ಎಬ್ಬಿಸುತ್ತವೆ. ಪದ ಎಡವುವುದು ಇಲ್ಲೇ, ಏಕೆಂದರೆ ರೋಗಿಗೆ ಸಾಮಾನ್ಯವಾಗಿ ಉರಿಯೇ ಇರುವುದಿಲ್ಲ. ಉರಿಮೂತ್ರಕ್ಕೆ ಹೆಚ್ಚಾಗಿ ಸೋಂಕು ಕಾರಣ. ಅದು ಬೇರೆ ಕಥೆ. ಇಲ್ಲಿ ಕಾಣುವುದು ನೊರೆ ಮೂತ್ರ, ಬೆಳಗ್ಗೆ ಕಣ್ಣಿನ ಸುತ್ತ ಬಾವು, ಸಂಜೆಗೆ ಪಾದದ ಬಾವು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಎಷ್ಟೋ ಸಲ ಅದೂ ಇಲ್ಲ, ಮೂತ್ರ ಪರೀಕ್ಷೆಯ ಪ್ರೋಟೀನೊಂದೇ ಸುಳಿವು.

ಖಚಿತಪಡಿಸಿಕೊಳ್ಳಲು ಬಯಾಪ್ಸಿ ಬೇಕು: ಸೂಜಿಯಿಂದ ತೆಗೆದ ಮೂತ್ರಪಿಂಡದ ಎಳೆಯಷ್ಟು ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿ, ಈ ಉರಿಯೂತವನ್ನು ಆರು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಔಷಧ ನಿಂತಿರುವುದು ಈ ವರ್ಗದ ಮೇಲೆ. 3, 4ನೇ ವರ್ಗಕ್ಕೆ ಸ್ಟಿರಾಯ್ಡ್ ಜೊತೆ ಮೈಕೋಫಿನೊಲೇಟ್ ಅಥವಾ ಸೈಕ್ಲೊಫಾಸ್ಫಮೈಡ್ ಕೊಡುವುದು ರೂಢಿ. 2020ರಲ್ಲಿ ಅಮೆರಿಕ ಲೂಪಸ್‌ನ ಈ ಮೂತ್ರಪಿಂಡದ ಉರಿಯೂತಕ್ಕೆಂದೇ ಬೆಲಿಮುಮಾಬ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಇವುಗಳ ನಡುವೆ ಹಳೆಯ ಮಲೇರಿಯಾ ಗುಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಇಂದಿಗೂ ಹೆಚ್ಚಿನ ಲೂಪಸ್ ರೋಗಿಗಳ ಚೀಟಿಯಲ್ಲಿರುತ್ತದೆ.