ಇಪ್ಪತ್ತು ಸಾಲಿಗೆ ನಿಂತುಹೋದ ಯಂತ್ರ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಕೂತು ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು 'ಅಬೌಟ್ ಫೋನ್' ಒಳಗೆ ಹುಡುಕಿ. ಕರ್ನಲ್ ವರ್ಷನ್ ಎಂದು ಒಂದು ಸಂಖ್ಯೆ ಸಿಗುತ್ತದೆ. ಅದು ಲಿನಕ್ಸ್ ಕರ್ನಲ್. ಈಗ ನಾವು ಹೇಳುತ್ತಿರುವುದು ಅದರದೇ ಹಳೆಯ ತಲೆಮಾರಿನ ಕಥೆ.

ಕರ್ನಲ್ ಎಂದರೆ ಯಂತ್ರದ ಮೇಸ್ತ್ರಿ. ಭದ್ರಾವತಿಯ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ತಪ್ಪು ಮಾಡಿದರೆ ಅವನ ಕೆಲಸ ನಿಲ್ಲಬೇಕೇ ಹೊರತು ಇಡೀ ಕಾರ್ಖಾನೆ ನಿಲ್ಲಬಾರದು. ಹಾಗೆ ನೋಡಿಕೊಳ್ಳುವುದೇ ಮೇಸ್ತ್ರಿಯ ಕೆಲಸ.

2004ರ ಜೂನ್‌ನಲ್ಲಿ ಈ ನಂಬಿಕೆ ಕುಸಿಯಿತು. ಸಿ ಭಾಷೆಯ ಸುಮಾರು 20 ಸಾಲಿನ ಪುಟ್ಟ ಪ್ರೋಗ್ರಾಂ. ನಡೆಸಲು ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ, ಮಾಮೂಲಿ ಬಳಕೆದಾರನಾದರೆ ಸಾಕು. ನಡೆಸಿದ ಕೂಡಲೇ ಇಡೀ ಕಂಪ್ಯೂಟರ್ ಕಲ್ಲಾಗುತ್ತಿತ್ತು. ಮೊದಲು ಅನುಮಾನ ಬಿದ್ದದ್ದು ಜಿಸಿಸಿ ಕಂಪೈಲರ್ ಮೇಲೆ. ಆದರೆ ಕಂಪೈಲರ್ ಎಂಥ ಕೆಟ್ಟ ಕೋಡ್ ಕೊಟ್ಟರೂ ಯಂತ್ರವನ್ನು ಬೀಳಲು ಬಿಟ್ಟದ್ದು ಮೇಸ್ತ್ರಿಯದೇ ತಪ್ಪಲ್ಲವೇ?

ಖಚಿತಪಡಿಸಿಕೊಳ್ಳಲು ಒಂದೇ ದಾರಿ: ತಮ್ಮ ತಮ್ಮ ಯಂತ್ರದಲ್ಲಿ ನಡೆಸಿ ನೋಡುವುದು. ಬಿದ್ದರೆ ಪವರ್ ಬಟನ್ನೇ ಗತಿ, ಸೇವ್ ಮಾಡದ ಕೆಲಸ ಹೋಯಿತು. ಹತ್ತಾರು ಜನ ಒಂದೇ ಸರ್ವರಿನಲ್ಲಿ ಕೆಲಸ ಮಾಡುವ ಕಡೆ ಯಾರಾದರೂ ಹೀಗೆ 'ಪರೀಕ್ಷೆ' ಮಾಡಿದ್ದರೆ ಅದು ಪರೀಕ್ಷೆಯಲ್ಲ, ಕಿಡಿಗೇಡಿತನ. ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಓಡುವ 2.4 ಮತ್ತು 2.6 ಸಾಲಿನ ಕರ್ನಲ್‌ಗಳು ನಿಂತವು.

ಒಳಗೆ ಆಗುತ್ತಿದ್ದದ್ದು ಇಷ್ಟು. ದಶಾಂಶ ಲೆಕ್ಕ ಮಾಡುವ ಘಟಕದಲ್ಲಿ ಒಂದು ದೋಷ ಬಾಕಿ ಉಳಿಯುತ್ತಿತ್ತು. ಆ ಘಟಕವನ್ನು ತೆರವು ಮಾಡುವಾಗ ಕರ್ನಲ್ 'ಎಫ್‌ವೇಟ್' ಎಂಬ ಆದೇಶ ಕೊಡುತ್ತಿತ್ತು. ಆಗ ಬಾಕಿ ದೋಷ ಕರ್ನಲ್‌ನ ಒಳಗೇ ಸಿಡಿಯುತ್ತಿತ್ತು. ಅದನ್ನು ವಿಚಾರಿಸಲು ಹೋದ ಕರ್ನಲ್, ದೋಷ ಅಳಿಸದೆ ಅದೇ ಆದೇಶಕ್ಕೆ ವಾಪಸ್. ಮತ್ತೆ ದೋಷ, ಮತ್ತೆ ವಾಪಸ್. ಒಂದನೇ ಕಿಟಕಿಯವರು ಎರಡನೆಯದಕ್ಕೆ, ಎರಡನೆಯವರು ಒಂದನೆಯದಕ್ಕೆ ಕಳಿಸುವ ಕಚೇರಿಯ ಹಾಗೆ. ಅದು ನಮಗೆ ಹೊಸದೇನಲ್ಲ, ಆದರೆ ಇಲ್ಲಿ ಊಟದ ವಿರಾಮವೂ ಇಲ್ಲ.

ಪರಿಹಾರ ಸಣ್ಣದು: ಬಾಕಿ ದೋಷವನ್ನು ಮೊದಲು ಅಳಿಸಿ, ಆಮೇಲೆ ಎಫ್‌ವೇಟ್. ತಪ್ಪಿಗೆ ಸಿವಿಇ-2004-0554 ಎಂಬ ನಂಬರ್ ಬಿತ್ತು. ಜೂನ್ 16ರಂದು ಬಂದ 2.6.7 ಆವೃತ್ತಿಯಲ್ಲಿ ತಿದ್ದುಪಡಿ ಸೇರಿತ್ತು, 2.4 ಸಾಲಿನವರಿಗೆ ಆಗಸ್ಟ್‌ನಲ್ಲಿ 2.4.27 ಬಂತು. ಹೊಸ ಕರ್ನಲ್ ಹಾಕಿ ರೀಬೂಟ್ ಮಾಡದ ಸರ್ವರ್‌ಗಳು ಆ 20 ಸಾಲಿಗೆ ಹಾಗೇ ಬಾಗಿಲು ತೆರೆದುಕೊಂಡಿದ್ದವು.