ಗುಲ್ಮ ಮುಟ್ಟಿ ನೋಡುವ ವಿದ್ಯೆ: ಸಿಕಲ್ ಸೆಲ್ ಅನೀಮಿಯ ಮತ್ತು ಡಿಸ್ಚಾರ್ಜ್ ಹೊತ್ತಿನ ತಿಳಿವಳಿಕೆ

ಸಿಕಲ್ ಸೆಲ್ ಅನೀಮಿಯ ಇರುವ ಮಗುವನ್ನು ಮನೆಗೆ ಕಳಿಸುವಾಗ ಹೇಳುವ ಮಾತುಗಳು ಗೊತ್ತಿರುವಂಥವೇ: ನೀರು ಚೆನ್ನಾಗಿ ಕುಡಿಸಿ, ಚಳಿಗೆ ಒಡ್ಡಬೇಡಿ, ಮಾತ್ರೆ ತಪ್ಪಿಸಬೇಡಿ. ಎಲ್ಲವೂ ಸರಿ. ಆದರೆ ಮನೆಯವರ ಕೈಗೇ ಕಲಿಸಬೇಕಾದ ಒಂದು ವಿದ್ಯೆಯಿದೆ, ಗುಲ್ಮವನ್ನು ಮುಟ್ಟಿ ನೋಡುವುದು. ಬಾಗಿದ ಕೆಂಪುಕಣಗಳು ಗುಲ್ಮದೊಳಗೆ ಸಿಕ್ಕಿಕೊಂಡರೆ ರಕ್ತ ಅಲ್ಲೇ ತುಂಬಿಕೊಳ್ಳುತ್ತದೆ. ಹೊಟ್ಟೆಯ ಎಡಭಾಗ ಉಬ್ಬಿ, ಮಗು ಬಿಳಿಚಿಕೊಂಡು, ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು.

ಜಮೈಕಾದಲ್ಲಿ ವೈದ್ಯ ಗ್ರಹಾಂ ಸರ್ಜೆಂಟ್ ಅವರ ತಂಡ ತಂದೆತಾಯಿಗೆ ಈ ವಿದ್ಯೆ ಕಲಿಸಿತು. 1985ರ ಅವರ ವರದಿಯಂತೆ, ಇಂಥ ಪ್ರತಿ 100 ಪ್ರಸಂಗಗಳಲ್ಲಿ ಸಾವು 29.4ರಿಂದ 3.1ಕ್ಕೆ ಇಳಿಯಿತು. ಕುತೂಹಲದ ಸಂಗತಿಯೆಂದರೆ ಪ್ರಸಂಗಗಳು ಏರಿದವು: 100 ರೋಗಿವರ್ಷಗಳಿಗೆ 4.6 ಇದ್ದದ್ದು 11.3 ಆಯಿತು. ಮೊದಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವು ಈಗ ಆಸ್ಪತ್ರೆಗೆ ಬಂದವು. ಮರುದಾಖಲಾತಿ ಕಡಿಮೆಯಾದರೆ ತಿಳಿವಳಿಕೆ ಫಲಿಸಿತೆಂದು ಲೆಕ್ಕಹಾಕುವವರು ಈ ಎರಡನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು.

ಜಮೈಕಾದ ಪಾಠವನ್ನು ಇಲ್ಲಿಗೆ ಹಾಗೆಯೇ ತರಲಾಗದು. ಭಾರತದಲ್ಲಿ ಈ ರೋಗದ ಕಣ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಯಿತು. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲೂ ಇದೆ. ಆಫ್ರಿಕಾ ಮೂಲದ ಮಕ್ಕಳಲ್ಲಿ ಗುಲ್ಮ ಸಾಮಾನ್ಯವಾಗಿ ಬಾಲ್ಯದಲ್ಲೇ ಕುಗ್ಗಿಹೋಗುತ್ತದೆ. ಅರಬ್-ಭಾರತೀಯ ಬಗೆಯ ವಂಶವಾಹಿಯಿರುವ, ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುವ ನಮ್ಮ ಮಕ್ಕಳಲ್ಲಿ ಅದು ಬಹಳ ವರ್ಷ ದೊಡ್ಡದಾಗಿಯೇ ಉಳಿಯುವುದುಂಟು. ಅಂಥ ಮನೆಯಲ್ಲಿ 'ಗುಲ್ಮ ಕೈಗೆ ಸಿಕ್ಕರೆ ಓಡಿ ಬನ್ನಿ' ಎಂದರೆ ದಿನವೂ ಓಡಬೇಕಾದೀತು. ಆದ್ದರಿಂದ ಡಿಸ್ಚಾರ್ಜ್ ದಿನವೇ ಗುಲ್ಮ ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗಿಳಿದಿದೆ ಎಂದು ತಾಯಿಯ ಬೆರಳಿನಲ್ಲೇ ಅಳೆಸಿ ಚೀಟಿಯಲ್ಲಿ ಬರೆಯಬೇಕು. ಅದಕ್ಕಿಂತ ಇಳಿದರೆ ಅಪಾಯ. ಕೈಯನ್ನು ಹೊಟ್ಟೆಯ ಕೆಳಗಿನಿಂದ ಮೇಲಕ್ಕೆ ತರಬೇಕು, ಇಲ್ಲದಿದ್ದರೆ ತುಂಬಾ ದೊಡ್ಡ ಗುಲ್ಮದ ಅಂಚೇ ತಪ್ಪಿಹೋಗುತ್ತದೆ. ನರ್ಸ್ ತೋರಿಸಿದ್ದನ್ನು ತಾಯಿ ತಿರುಗಿ ಮಾಡಿ ತೋರಿಸಲಿ. ಅವಳು ಕೂಲಿಗೆ ಹೋಗುವವಳಾದರೆ ಮಗುವನ್ನು ನೋಡಿಕೊಳ್ಳುವ ಅಜ್ಜಿಯೂ ಮಾಡಿ ತೋರಿಸಲಿ.

2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ರಾಷ್ಟ್ರೀಯ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಪತ್ತೆಯಾದ ಮಗುವಿನ ಮನೆಯವರಿಗೆ ಕಲಿಸುವ ಹೊತ್ತನ್ನೂ ಅದೇ ಕೆಲಸದ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಜ್ವರ, ಅಂದರೆ ಸೋಂಕಿನ ಸುಳಿವು. ಅಮೆರಿಕದ 1986ರ ಅಧ್ಯಯನದಲ್ಲಿ ದಿನಕ್ಕೆರಡು ಬಾರಿ ಕೊಟ್ಟ ಪೆನಿಸಿಲಿನ್ ಎಳೆಯ ಮಕ್ಕಳಲ್ಲಿ ನ್ಯೂಮೊಕಾಕಸ್ ಸೋಂಕನ್ನು ಶೇ. 84ರಷ್ಟು ತಗ್ಗಿಸಿತು. ಹಾಗಿದ್ದೂ 101 ಡಿಗ್ರಿ ದಾಟಿದ ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯುವಂತಿಲ್ಲ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಗಾಡಿ ಯಾರದು ಎಂಬುದು ಅದೇ ಚೀಟಿಯಲ್ಲಿ ಇರಬೇಕು.