ದತ್ತಬಂಧನದ ಚರಿತ್ರೆ

ಪ್ರಾಚೀನ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಒಂದು ಕಾವ್ಯಕ್ಕೆ ಒಂದೇ ಓಲೆಯ ಕಟ್ಟು ಇರುವವರೆಗೆ ಪಾಠಾಂತರವೆಂಬ ಪ್ರಶ್ನೆ ಏಳುವುದಿಲ್ಲ. ಎರಡನೆಯ ಪ್ರತಿ ಹುಟ್ಟಿದ ದಿನವೇ ಅದಕ್ಕೆ ಅವಕಾಶ ಉಂಟಾಗುತ್ತದೆ. ಒಂದರಲ್ಲಿ ತಿದ್ದಿದುದು ಇನ್ನೊಂದರಲ್ಲಿ ತಿದ್ದದೆ ಉಳಿದರೆ ಯಾವುದು ಪ್ರಮಾಣವೆಂಬ ಸಂದೇಹ ತಲೆದೋರುತ್ತದೆ. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇದೇ ತೊಡಕು ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಅದರ ಪರಿಹಾರಕ್ಕಾಗಿ ಅರುವತ್ತು ವರ್ಷಗಳ ಅವಧಿಯಲ್ಲಿ ನಡೆದ ಪ್ರಯತ್ನಗಳ ಸಮಷ್ಟಿಗೆ ‘ಡೇಟಾ ಬೈಂಡಿಂಗ್’, ಎಂದರೆ ದತ್ತಬಂಧನ, ಎಂಬ ಹೆಸರು ಸಲ್ಲುತ್ತದೆ.

ವಿಷಯವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಪುಸ್ತಕಭಂಡಾರವೊಂದರ ಗಣಕಯಂತ್ರದಲ್ಲಿ ಒಂದು ಗ್ರಂಥದ ಪ್ರತಿಗಳ ಸಂಖ್ಯೆ ಶೇಖರವಾಗಿದೆಯೆಂದು ಇಟ್ಟುಕೊಳ್ಳಬೇಕು. ಅದೇ ಸಂಖ್ಯೆ ತೆರೆಯ ಮೇಲೆ ಮೂರು ಕಡೆ ಕಾಣುತ್ತದೆ: ಗ್ರಂಥಗಳ ಪಟ್ಟಿಯ ಒಂದು ಸಾಲಿನಲ್ಲಿ, ತಿದ್ದುವುದಕ್ಕೆಂದು ತೆರೆದಿರುವ ಬರವಣಿಗೆಯ ಚೌಕದಲ್ಲಿ, ಮತ್ತು ಕೆಳಗಡೆಯ ಒಟ್ಟು ಮೊತ್ತದಲ್ಲಿ ಸೇರಿಕೊಂಡು. ಗುಮಾಸ್ತನು ಚೌಕದಲ್ಲಿ ನಾಲ್ಕನ್ನು ಐದೆಂದು ತಿದ್ದಿದರೆ ಉಳಿದ ಎರಡು ಕಡೆಯೂ, ಮೂಲಶೇಖರದಲ್ಲಿಯೂ ಬದಲಾವಣೆ ಆಗಬೇಕು. ಹಳೆಯ ಪದ್ಧತಿಯಲ್ಲಿ ಇಂತಹ ಒಂದೊಂದು ಬದಲಾವಣೆಗೂ ಪ್ರೋಗ್ರಾಮು ಬರೆಯುವವರು ಪ್ರತ್ಯೇಕವಾಗಿ ಆಜ್ಞೆ ಬರೆಯಬೇಕಾಗಿತ್ತು. ಒಂದನ್ನು ಮರೆತರೆ ತೆರೆಯು ಸುಳ್ಳು ಹೇಳುತ್ತಿತ್ತು. ದತ್ತಬಂಧನದಲ್ಲಾದರೋ, ಈ ಚೌಕವು ಆ ದತ್ತವನ್ನು ತೋರಿಸತಕ್ಕದ್ದು ಎಂದು ಒಮ್ಮೆ ಘೋಷಿಸಿದರೆ ಸಾಕು. ಎರಡನ್ನೂ ಸಮವಾಗಿ ಇಟ್ಟುಕೊಳ್ಳುವ ಹೊಣೆ ಯಂತ್ರದ್ದು. ಆದರೆ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ, ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ಮನುಷ್ಯನೇ ನಿರ್ಣಯಿಸಬೇಕು. ಈ ನಿರ್ಣಯ ಸ್ಪಷ್ಟವಾಗಿದ್ದ ಕಡೆ ದತ್ತಬಂಧನ ಫಲಿಸಿತೆಂದೂ, ಅಸ್ಪಷ್ಟವಾಗಿದ್ದ ಕಡೆ ತೊಡಕಿಗೆ ಸಿಕ್ಕಿತೆಂದೂ ಅದರ ಚರಿತ್ರೆಯಿಂದ ವ್ಯಕ್ತವಾಗುತ್ತದೆ.

ಈ ಭಾವನೆಯ ಬೀಜ ೧೯೬೩ನೆಯ ಇಸವಿಯಷ್ಟು ಹಿಂದೆಯೇ ದೊರೆಯುತ್ತದೆ. ಆ ವರ್ಷ ಐವಾನ್ ಸದರ್ಲೆಂಡರು ಅಮೆರಿಕಾದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಲಿಂಕನ್ ಪ್ರಯೋಗಶಾಲೆಯ ಟಿಎಕ್ಸ್-೨ ಎಂಬ ಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ರೇಖೆಗಳನ್ನು ಎಳೆಯುವುದು ಅದರ ಕಾರ್ಯ. ಎರಡು ರೇಖೆಗಳು ಸಮಾನಾಂತರವಾಗಿರಬೇಕೆಂದು ನಿಬಂಧನೆ ವಿಧಿಸಿದರೆ ಯಂತ್ರವೇ ಅದನ್ನು ಪಾಲಿಸುತ್ತಿತ್ತು. ಅಲ್ಲದೆ ಒಂದು ಮೂಲಚಿತ್ರದಿಂದ ಅನೇಕ ಪ್ರತಿಕೃತಿಗಳನ್ನು ಮಾಡಿಕೊಳ್ಳಬಹುದಾಗಿತ್ತು. ಮೂಲವನ್ನು ತಿದ್ದಿದೊಡನೆ ಪ್ರತಿಕೃತಿಗಳೆಲ್ಲವೂ ತಾವಾಗಿಯೇ ತಿದ್ದಿಕೊಳ್ಳುತ್ತಿದ್ದವು. ಮುಂದೆ ಬಂದ ದತ್ತಬಂಧನದ ಮುಖ್ಯ ಲಕ್ಷಣ ಇಲ್ಲಿಯೇ ಇದೆ.

ಈ ಬೀಜಕ್ಕೆ ಶಾಸ್ತ್ರೀಯವಾದ ವಿಭಾಗಕ್ರಮವನ್ನು ಕೊಟ್ಟವರು ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕೌಗರು. ಅವರು ೧೯೭೮-೭೯ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ ಅತಿಥಿಯಾಗಿದ್ದರು. ಹಡಗು ಕಟ್ಟುವ ಉದ್ಯಮಕ್ಕಾಗಿ ಪ್ರೋಗ್ರಾಮುಗಳನ್ನು ರಚಿಸಿ ಅನುಭವವಿದ್ದ ಅವರಿಗೆ, ತೊಡಕಿನ ದೊಡ್ಡ ಮಾಹಿತಿಯನ್ನು ನಾನಾ ದೃಷ್ಟಿಗಳಿಂದ ನೋಡಿ ತಿದ್ದುವ ಸೌಕರ್ಯ ಬಳಕೆದಾರನಿಗೆ ದೊರೆಯಬೇಕೆಂಬುದು ಉದ್ದೇಶ. ೧೯೭೯ರ ಡಿಸೆಂಬರಿನ ಟಿಪ್ಪಣಿಯಲ್ಲಿ ಅವರು ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ಮೂರು ಅಂಗಗಳನ್ನು ನಿರೂಪಿಸಿದರು. ಮಾಡೆಲ್ ಎಂದರೆ ಮೂಲದತ್ತ. ವ್ಯೂ ಎಂದರೆ ಅದರ ತೋರಿಕೆ. ಕಂಟ್ರೋಲರ್ ಎಂದರೆ ಬಳಕೆದಾರನಿಗೂ ವ್ಯವಸ್ಥೆಗೂ ನಡುವಣ ಮಧ್ಯಸ್ಥ.

ಆ ಕೇಂದ್ರದಲ್ಲಿ ಬೆಳೆದ ‘ಸ್ಮಾಲ್‌ಟಾಕ್-೮೦’ ಭಾಷೆಯಲ್ಲಿ ಈ ವಿಭಾಗ ಕಾರ್ಯರೂಪಕ್ಕೆ ಬಂದಿತು. ಮೂಲವಸ್ತುವು ತನ್ನನ್ನು ಆಶ್ರಯಿಸಿರುವ ತೋರಿಕೆಗಳ ಒಂದು ಯಾದಿಯನ್ನು ಇಟ್ಟುಕೊಂಡಿರುತ್ತದೆ; ತಾನು ಬದಲಾದಾಗ ಆ ಯಾದಿಯಲ್ಲಿರುವವರೆಲ್ಲರಿಗೂ ಸುದ್ದಿ ಕಳುಹಿಸುತ್ತದೆ. ಸುದ್ದಿ ಕೇಳಿದವರು ಏನು ಮಾಡುವರೆಂಬ ಚಿಂತೆ ಅದಕ್ಕಿಲ್ಲ. ೧೯೯೪ರಲ್ಲಿ ಗ್ಯಾಮಾ, ಹೆಲ್ಮ್, ಜಾನ್ಸನ್, ವ್ಲಿಸೈಡ್ಸ್ ಎಂಬ ನಾಲ್ವರು ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದಲ್ಲಿ ಈ ಕ್ರಮವು ‘ಅಬ್ಸರ್ವರ್’, ಎಂದರೆ ವೀಕ್ಷಕ, ಎಂಬ ಹೆಸರಿನಿಂದ ವಿವರಿಸಲ್ಪಟ್ಟಿತು. ಆದರೂ ಹೊಣೆಯ ಅರ್ಧಭಾಗ ಮಾತ್ರ ಯಂತ್ರಕ್ಕೆ ವಹಿಸಲ್ಪಟ್ಟಂತಾಯಿತು. ಸುದ್ದಿಯೇನೋ ಮುಟ್ಟುತ್ತಿತ್ತು, ಅದನ್ನು ಕೇಳಿ ಯಾವ ಚೌಕದಲ್ಲಿ ಏನು ಬರೆಯಬೇಕೆಂಬ ವಿಧಿಯನ್ನು ಪ್ರೋಗ್ರಾಮು ಬರೆಯುವವರೇ ಬರೆಯಬೇಕಾಗಿತ್ತು.

ಅದೇ ೧೯೭೯ರಲ್ಲಿ ಸಾಮಾನ್ಯ ಜನರ ಕೈಗೆ ಇನ್ನೊಂದು ಸಾಧನ ಬಂದಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ಆಪಲ್-೨ ಗಣಕಯಂತ್ರಕ್ಕಾಗಿ ರಚಿಸಿದ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯೇ ಅದು. ಒಂದು ಮನೆಯಲ್ಲಿ ಸಂಖ್ಯೆ, ಮತ್ತೊಂದರಲ್ಲಿ ಆ ಸಂಖ್ಯೆಯನ್ನು ಅವಲಂಬಿಸಿದ ಸೂತ್ರ. ಸಂಖ್ಯೆ ಬದಲಾದೊಡನೆ ಸೂತ್ರದ ಫಲವೂ ಬದಲಾಗುತ್ತಿತ್ತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಬದಲಾವಣೆ ಹರಿಯುವ ದಾರಿ ಒಂದೇ. ಮೊತ್ತದ ಮನೆಯಲ್ಲಿ ಬೇರೆ ಸಂಖ್ಯೆ ಬರೆದರೆ ಸೂತ್ರ ಅಳಿಯುತ್ತದೆಯೇ ಹೊರತು, ಆ ಮೊತ್ತಕ್ಕೆ ಹೊಂದುವಂತೆ ಮೂಲಸಂಖ್ಯೆಗಳು ತಿದ್ದಿಕೊಳ್ಳುವುದಿಲ್ಲ. ಯಾವುದು ದತ್ತ, ಯಾವುದು ಜನ್ಯ ಎಂಬ ಭೇದ ಇಲ್ಲಿ ಅಚ್ಚಳಿಯದೆ ನಿಂತಿದೆ.

ಕಚೇರಿಯ ಕೆಲಸಗಳಿಗೆ ದತ್ತಬಂಧನವನ್ನು ವಿಶೇಷವಾಗಿ ಹರಡಿದುದು ೧೯೯೩ರಲ್ಲಿ ಹೊರಬಂದ ಮೈಕ್ರೋಸಾಫ್ಟಿನ ‘ವಿಷುವಲ್ ಬೇಸಿಕ್’ ಭಾಷೆಯ ಮೂರನೆಯ ಆವೃತ್ತಿ. ತೆರೆಯ ಮೇಲಿನ ಚೌಕಕ್ಕೆ ದತ್ತದ ಆಕರ ಯಾವುದು, ಅದರ ಯಾವ ಅಂಕಣ ಎಂಬೆರಡು ಗುಣಗಳನ್ನು ತಿಳಿಸಿದರೆ, ಒಂದು ಸಾಲಿನಷ್ಟೂ ಆಜ್ಞೆ ಬರೆಯದೆ ಕೋಷ್ಟಕದ ದಾಖಲೆ ಚೌಕದಲ್ಲಿ ಮೂಡುತ್ತಿತ್ತು. ತಿದ್ದಿದುದು ಕೋಷ್ಟಕಕ್ಕೆ ಹಿಂದಿರುಗುತ್ತಿತ್ತು. ೧೯೯೫ರಲ್ಲಿ ಬೋರ್ಲಂಡ್ ಸಂಸ್ಥೆಯ ‘ಡೆಲ್ಫೈ’ ಕೂಡ ಇದೇ ಬಗೆಯ ಸೌಕರ್ಯವನ್ನು ಒದಗಿಸಿತು. ಸೌಲಭ್ಯ ದೊಡ್ಡದು, ದೋಷವೂ ಇತ್ತು. ತೋರಿಕೆಯು ನೇರವಾಗಿ ಶೇಖರದ ಕೋಷ್ಟಕಕ್ಕೆ ಅಂಟಿಕೊಂಡುದರಿಂದ, ಕೋಷ್ಟಕದ ರಚನೆ ಬದಲಾದರೆ ತೆರೆಗಳೂ ಕೆಡುತ್ತಿದ್ದವು; ವ್ಯವಹಾರದ ನಿಯಮಗಳಿಗೆ ನಡುವೆ ನಿಲ್ಲಲು ಸ್ಥಳವಿರಲಿಲ್ಲ.

ಆದಕಾರಣ ಮುಂದಿನ ಕಾಲದಲ್ಲಿ ಮಧ್ಯದ ಪದರವೊಂದು ಕಲ್ಪಿತವಾಯಿತು. ೨೦೦೩ರಲ್ಲಿ ಆಪಲ್ ಸಂಸ್ಥೆಯ ‘ಕೋಕೋ ಬೈಂಡಿಂಗ್ಸ್’ ಬಂದಿತು. ೨೦೦೫ರಲ್ಲಿ ಮೈಕ್ರೋಸಾಫ್ಟಿನ ಜಾನ್ ಗಾಸ್ಮನ್ ಎಂಬವರು, ತೋರಿಕೆಗೆ ಬೇಕಾದ ರೂಪದಲ್ಲಿ ದತ್ತವನ್ನು ಅಣಿಮಾಡಿಕೊಡುವ ‘ವ್ಯೂಮಾಡೆಲ್’ ಎಂಬ ಅಂಗವನ್ನು ಪ್ರತಿಪಾದಿಸಿದರು. ೨೦೦೬ರ ‘ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಷನ್’ ವ್ಯವಸ್ಥೆಯಲ್ಲಿ ಬಂಧನದ ದಿಕ್ಕನ್ನೇ ಬಾಯಿಬಿಟ್ಟು ಹೇಳುವ ಏರ್ಪಾಡಾಯಿತು: ಒಮ್ಮೆ ಮಾತ್ರ, ಮೂಲದಿಂದ ತೋರಿಕೆಗೆ, ತೋರಿಕೆಯಿಂದ ಮೂಲಕ್ಕೆ, ಎರಡೂ ಕಡೆಗೆ. ಮೂಲ ಯಾವುದು ಎಂಬ ಪ್ರಶ್ನೆಯನ್ನು ಈ ವ್ಯವಸ್ಥೆ ಒಂದೊಂದು ಬಂಧನದಲ್ಲಿಯೂ ಕೇಳುವಂತೆ ಮಾಡಿತು.

ಪಟ್ಟಿಗಳ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಪಟ್ಟಿಗೆ ಹೊಸ ಗ್ರಂಥವೊಂದು ಸೇರುವುದು ಒಂದು ಬಗೆಯ ಬದಲಾವಣೆ. ಪಟ್ಟಿಯಲ್ಲಿರುವ ಗ್ರಂಥದ ಹೆಸರನ್ನು ತಿದ್ದುವುದು ಇನ್ನೊಂದು ಬಗೆ. ಮೇಲೆ ಹೇಳಿದ ವ್ಯವಸ್ಥೆಯಲ್ಲಿ ಸಾಮಾನ್ಯ ಪಟ್ಟಿಗೆ ಒಂದು ವಸ್ತುವನ್ನು ಸೇರಿಸಿದರೆ ತೆರೆಗೆ ಅದರ ಅರಿವೇ ಆಗುವುದಿಲ್ಲ. ಅದಕ್ಕಾಗಿ ‘ಅಬ್ಸರ್ವಬಲ್ ಕಲೆಕ್ಷನ್’ ಎಂಬ ವಿಶೇಷ ಪಟ್ಟಿಯನ್ನು ಬಳಸಬೇಕು. ಸೇರಿದುದು, ತೆಗೆದುದು, ಸ್ಥಾನ ಬದಲಿಸಿದುದು ಇವುಗಳನ್ನೆಲ್ಲ ಅದು ಸಾರುತ್ತದೆ. ಆದರೆ ಒಳಗಿರುವ ವಸ್ತುವಿನ ತಿದ್ದುಪಾಟನ್ನು ಆ ವಸ್ತುವೇ ಸಾರಬೇಕು. ಇನ್ನೊಂದು ಪ್ರಶ್ನೆ ಗುರುತಿನದು. ಹತ್ತನೆಯ ಸಾಲೆಂದು ಸ್ಥಾನದಿಂದ ಗುರುತಿಸಿದ ವಸ್ತು, ಮೇಲೆ ಒಂದು ಸಾಲು ಸೇರಿದೊಡನೆ ಹನ್ನೊಂದನೆಯದಾಗುತ್ತದೆ. ಆವೃತ್ತಿಯಿಂದ ಆವೃತ್ತಿಗೆ ಪದ್ಯಸಂಖ್ಯೆ ಬದಲಾಗುವ ಕಾವ್ಯದಲ್ಲಿ, ಸಂಖ್ಯೆಯನ್ನು ನಂಬದೆ ಪದ್ಯದ ಮೊದಲ ಮಾತಿನಿಂದ ಅದನ್ನು ಹುಡುಕುವ ಪದ್ಧತಿ ವಿದ್ವಾಂಸರಿಗೆ ಹೊಸದಲ್ಲ. ಹಾಗೆಯೇ ಪಟ್ಟಿಯ ಒಂದೊಂದು ವಸ್ತುವಿಗೂ ಸ್ಥಾನವನ್ನು ಅವಲಂಬಿಸದ ಸ್ಥಿರವಾದ ಗುರುತು ಬೇಕೆಂಬುದು ಮುಂದಿನ ವ್ಯವಸ್ಥೆಗಳಲ್ಲಿ ಒಂದು ನಿಯಮವಾಯಿತು.

ಎರಡು ದಿಕ್ಕಿನ ಬಂಧನದ ಪರೀಕ್ಷೆ ನಡೆದುದು ಜಾಲಪುಟಗಳಲ್ಲಿ. ಗೂಗಲ್ ಸಂಸ್ಥೆಯಿಂದ ೨೦೧೦ರಲ್ಲಿ ಹೊರಬಂದ ‘ಆಂಗ್ಯುಲರ್‌ಜೆಎಸ್’ ಎಂಬ ಸಾಧನವು ದತ್ತಗಳ ಹಳೆಯ ಬೆಲೆಯನ್ನೂ ಹೊಸ ಬೆಲೆಯನ್ನೂ ಹೋಲಿಸಿ ನೋಡುತ್ತಿತ್ತು. ಒಂದು ಬದಲಾವಣೆ ಮತ್ತೊಂದನ್ನು ಪ್ರಚೋದಿಸಬಹುದಾದುದರಿಂದ, ಎಲ್ಲವೂ ಸ್ಥಿರವಾಗುವವರೆಗೆ ಈ ಹೋಲಿಕೆಯನ್ನು ಮತ್ತೆ ಮತ್ತೆ ನಡೆಸಬೇಕಾಗಿತ್ತು. ಎರಡು ದತ್ತಗಳು ಒಂದನ್ನೊಂದು ಕೊನೆಯಿಲ್ಲದೆ ಬದಲಿಸುತ್ತ ಹೋದಾವೆಂಬ ಭಯದಿಂದ, ಬೇರೆ ರೀತಿಯಾಗಿ ಹೇಳದಿದ್ದಲ್ಲಿ ಹತ್ತು ಸುತ್ತುಗಳಾದ ಮೇಲೆ ತಪ್ಪೆಂದು ಸಾರಿ ನಿಲ್ಲಿಸುವ ಮಿತಿಯನ್ನು ಇಡಲಾಗಿತ್ತು. ಒಡೆಯನಾರೆಂಬುದು ನಿಶ್ಚಯವಾಗದ ಕಡೆ ಇಂತಹ ಮಿತಿ ಅನಿವಾರ್ಯವಾಗುತ್ತದೆ.

ಇದಕ್ಕೆ ಪ್ರತಿಕ್ರಿಯೆ ಶೀಘ್ರವಾಗಿ ಬಂದಿತು. ಫೇಸ್‌ಬುಕ್ ಸಂಸ್ಥೆಯು ೨೦೧೩ರಲ್ಲಿ ‘ರಿಯಾಕ್ಟ್’ ಸಾಧನವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ೨೦೧೪ರಲ್ಲಿ ‘ಫ್ಲಕ್ಸ್’ ಎಂಬ ರಚನಾಕ್ರಮವನ್ನು ವಿವರಿಸಿತು. ಅಲ್ಲಿಯ ಯಂತ್ರಶಿಲ್ಪಿಗಳು ಕೊಟ್ಟ ನಿದರ್ಶನ ಅರ್ಥವತ್ತಾದುದು: ಓದದ ಸಂದೇಶ ಒಂದಿದೆಯೆಂದು ಅಂಕಿ ತೋರಿಸುತ್ತಿತ್ತು, ತೆರೆದು ನೋಡಿದರೆ ಅಂತಹ ಸಂದೇಶವೇ ಇರಲಿಲ್ಲ. ಒಂದೇ ಸಂಗತಿಯನ್ನು ಹಲವು ಅಂಗಗಳು ತಮ್ಮ ತಮ್ಮಲ್ಲಿ ಇಟ್ಟುಕೊಂಡು ಪರಸ್ಪರ ತಿದ್ದುತ್ತಿದ್ದುದೇ ಈ ಪಾಠಾಂತರಕ್ಕೆ ಕಾರಣ. ಹೊಸ ಕ್ರಮದಲ್ಲಿ ದತ್ತವು ಮೇಲಿನಿಂದ ತೋರಿಕೆಗೆ ಮಾತ್ರ ಇಳಿಯುತ್ತದೆ. ತೋರಿಕೆಯು ದತ್ತವನ್ನು ತಾನೇ ಮುಟ್ಟದೆ, ಹೀಗೆ ಬದಲಿಸಬೇಕೆಂಬ ಕೋರಿಕೆಯನ್ನು ಕಳುಹಿಸುತ್ತದೆ.

ಎರಡು ದಿಕ್ಕಿನ ಬಂಧನ ಇದರಿಂದ ನಾಶವಾಯಿತೆಂದು ತಿಳಿಯಬಾರದು. ಬರೆಯುವ ಚೌಕಗಳೇ ತುಂಬಿರುವ ಅರ್ಜಿಯ ನಮೂನೆಯಲ್ಲಿ ಒಂದೊಂದಕ್ಕೂ ಕೋರಿಕೆಯ ವಿಧಿಯನ್ನು ಬರೆಯುವುದು ಬೇಸರದ ಕೆಲಸ. ೨೦೧೪ರಲ್ಲಿ ಹೊರಬಂದ ‘ವ್ಯೂ’ ಎಂಬ ಸಾಧನವು ಇಲ್ಲಿ ಸಮನ್ವಯದ ಹಾದಿಯನ್ನು ಹಿಡಿಯಿತು. ಎರಡು ದಿಕ್ಕಿನದೆಂದು ತೋರುವ ಅದರ ಬಂಧನವು ವಾಸ್ತವದಲ್ಲಿ, ಇಳಿಯುವ ಬೆಲೆ ಒಂದು, ಏರುವ ಸುದ್ದಿ ಒಂದು, ಇವೆರಡರ ಸಂಕ್ಷಿಪ್ತ ಬರವಣಿಗೆ. ಬರೆಯುವವರಿಗೆ ಸೌಕರ್ಯವೂ ದೊರೆಯಿತು. ಮೂಲದ ಅಧಿಕಾರಕ್ಕೆ ಭಂಗವೂ ಬರಲಿಲ್ಲ.

ಸ್ಕೆಚ್‌ಪ್ಯಾಡಿನ ಮೂಲಚಿತ್ರ, ರೀನ್ಸ್‌ಕೌಗರ ಮಾಡೆಲ್, ಲೆಕ್ಕದ ಹಾಳೆಯ ದತ್ತಸಂಖ್ಯೆ, ಫ್ಲಕ್ಸಿನ ಏಕಮುಖ ಪ್ರವಾಹ, ಇವೆಲ್ಲವೂ ಭಿನ್ನಭಿನ್ನ ಮಾತುಗಳಲ್ಲಿ ಒಂದೇ ತತ್ತ್ವವನ್ನು ಸಾರುತ್ತವೆ: ಪ್ರತಿಗಳು ಎಷ್ಟಾದರೂ ಇರಲಿ, ಪ್ರಮಾಣವಾದ ಮೂಲ ಒಂದೇ ಇರಬೇಕು. ಪ್ರತಿಗಳನ್ನು ಮೂಲದೊಡನೆ ಹೋಲಿಸಿ ತಿದ್ದುವ ಶ್ರಮವನ್ನು ಯಂತ್ರ ವಹಿಸಿಕೊಂಡಿತು. ಮೂಲವನ್ನು ನಿರ್ಣಯಿಸುವ ವಿವೇಕವಾದರೋ, ಓಲೆಗರಿಗಳ ಕಾಲದಲ್ಲಿದ್ದಂತೆಯೇ ಪರಿಷ್ಕರ್ತನಲ್ಲಿ ಉಳಿದಿದೆ.